ಶ್ರೀಕಾರದ ಕೆಳಗಿನ ಖಾಲಿ ಗೆರೆ

ಕಳೆದ ತಿಂಗಳು ಅಡುಗೆಮನೆಯ ಹಳೆಯ ಕಪಾಟುಗಳನ್ನು ಕೀಳಿಸುವ ಮೊದಲು ಒಂದೊಂದೇ ಸಾಮಾನು ಕೆಳಗಿಳಿಸುತ್ತಿದ್ದೆ. ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿ, ಶಾವಿಗೆ ಒತ್ತುವ ಒರಳಿನ ಹಿಂದೆ, ಗಿಳಿಯ ಚಿತ್ರವಿರುವ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದಾಗ ಮೊದಲು ಹೊರಬಂದದ್ದು ವಾಸನೆ. ಹುರಿದ ಮೆಂತ್ಯ, ಇಂಗು, ಒಣಮೆಣಸಿನಕಾಯಿ. ನಾನು ಮದುವೆಯಾಗಿ, ಸಿಡ್ನಿಗೆ ಒಂದು ದಿನದ ದಾರಿಯ ಈ ಗ್ಲೆನ್ ವೇವರ್ಲಿಗೆ ಬಂದ ಮೊದಲ ವರ್ಷ ಅಮ್ಮ ಮೈಸೂರಿನಿಂದ ಕಳಿಸಿದ್ದ ಸಾರಿನ ಪುಡಿಯನ್ನು ಆ ಡಬ್ಬಿಯಲ್ಲಿ ಇಟ್ಟಿದ್ದೆ. ಪುಡಿ ಮುಗಿದು ಎಷ್ಟೋ ವರ್ಷವಾಯಿತು. ವಾಸನೆ ಮಾತ್ರ ತಗಡಿಗೆ ಅಂಟಿಕೊಂಡೇ ಇತ್ತು.

ಡಬ್ಬಿಯೊಳಗೆ ಒಂದು ಲಕೋಟೆ ಇತ್ತು. ಒಂದೇ ಒಂದು.

ಅದನ್ನು ನೋಡಿದ ಕೂಡಲೇ ನನಗೆ ಎದುರು ಮನೆ ಮೇಷ್ಟ್ರು ನೆನಪಾದರು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಕೋಸಂಬರಿ ಪಾತ್ರೆ ಹಿಡಿದು, ಸೋತರೂ ನಗುತ್ತಾ ನಿಂತ ಮೇಷ್ಟ್ರು...

ಅವರು ಇಲ್ಲಿನ ಯೂನಿವರ್ಸಿಟಿಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅದಕ್ಕೂ ಮೊದಲು, ಅರವತ್ತರ ದಶಕದಲ್ಲಿ, ಅಮೆರಿಕದ ನಡುಭಾಗದ ಒಂದು ಚಿಕ್ಕ ಊರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದರು. ಸುತ್ತ ಜೋಳದ ಹೊಲ, ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ. ಅಲ್ಲಿ ಸಂಜೆ ಬೆಚ್ಚಗೆ ಕೂರಲು ಪುಕ್ಕಟೆ ಜಾಗವೆಂದರೆ ಬಾಸ್ಕೆಟ್‌ಬಾಲ್ ಆಡುವ ಜಿಮ್ ಒಂದೇ ಆಗಿತ್ತಂತೆ. ಚಳಿ ತಪ್ಪಿಸಿಕೊಳ್ಳಲು ಹೋದವರು ಆಟದ ಹುಚ್ಚು ಹತ್ತಿಸಿಕೊಂಡು ಬಂದರು. ಅವರ ಕಾಲೇಜಿನ ಹುಡುಗರದು ಹಸಿರು ಬನಿಯನ್. ಹಾಗಾಗಿ ನಮ್ಮ ಬೀದಿಯಲ್ಲಿ ಆ ಕಾಲೇಜಿಗೆ 'ಹಸಿರಂಗಿ' ಎಂದೇ ಹೆಸರು.

ನಾಲ್ಕು ಮನೆ ಆಚೆ ಉಡುಪಿಯ ಎಂಜಿನಿಯರ್ ಒಬ್ಬರಿದ್ದರು. ಅವರೂ ಅದೇ ಕಾಲದಲ್ಲಿ, ಅದೇ ಸೀಮೆಯ ಇನ್ನೊಂದು ಕಾಲೇಜಿನಲ್ಲಿ ಓದಿದವರು. ಅದು 'ಕೆಂಪಂಗಿ'. ಆ ಸುತ್ತಿನ ಹತ್ತು ಕಾಲೇಜುಗಳದು ಒಂದು ಕೂಟ, ಅದಕ್ಕೆ ಕಾನ್ಫರೆನ್ಸ್ ಅನ್ನುತ್ತಿದ್ದರು. ಚಳಿಗಾಲವಿಡೀ ಅವು ಒಂದರೊಡನೊಂದು ಆಡಿ, ಮಾರ್ಚ್ ಹೊತ್ತಿಗೆ ಯಾರು ಮೊದಲು, ಯಾರು ಹತ್ತನೆಯವರು ಎಂದು ತೀರ್ಮಾನವಾಗುತ್ತಿತ್ತು. ಅಮೆರಿಕ ಬಿಟ್ಟು ಇಪ್ಪತ್ತು ವರ್ಷವಾದರೂ ಇವರಿಬ್ಬರು ಆ ಹತ್ತು ಕಾಲೇಜುಗಳನ್ನು ಬಿಟ್ಟಿರಲಿಲ್ಲ. ಹಳೆಯ ಸಹಪಾಠಿಗಳು ಏರ್‌ಮೇಲಿನಲ್ಲಿ ಪೇಪರ್ ಕಟಿಂಗ್ ಕಳಿಸುತ್ತಿದ್ದರು. ಲೈಬ್ರರಿಗೆ ಮೂರು ವಾರ ತಡವಾಗಿ ಅಮೆರಿಕದ ಪತ್ರಿಕೆಗಳು ಬರುತ್ತಿದ್ದವು. ಆಟ ಮುಗಿದು ತಿಂಗಳಾದ ಮೇಲೆ ಇಲ್ಲಿ ಅದರ ಜಗಳ ಶುರುವಾಗುತ್ತಿತ್ತು.

ಆದರೆ ದೊಡ್ಡ ಜಗಳ ಆಟ ಶುರುವಾಗುವುದಕ್ಕೆ ಮುಂಚಿನದು. ಸೆಪ್ಟೆಂಬರಿನಿಂದಲೇ ಮೇಷ್ಟ್ರ ಗ್ಯಾರೇಜಿನಲ್ಲಿ ಎರಡು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಕಾಫಿ ಕೊಡಲು ಹೋದಾಗ ಕಿವಿಗೆ ಬಿದ್ದದ್ದು ಈಗಲೂ ನೆನಪಿದೆ.

"ನಿಮ್ಮ ಹಸಿರಂಗಿಯಲ್ಲಿ ಈ ವರ್ಷ ಯಾರುಂಟು ಮಾರಾಯ್ರೆ? ಆ ಉದ್ದದವ ಡಿಗ್ರಿ ಮುಗಿಸಿ ಹೋದ. ಇನ್ನು ಬುಟ್ಟಿ ಕೆಳಗೆ ನಿಲ್ಲುದು ಯಾರು, ನೀವಾ?"

"ಹೊಸಬ ಬಂದಿದಾನೆ ಸ್ವಾಮಿ. ಆರಡಿ ಒಂಬತ್ತಿಂಚು."

"ಉದ್ದ ಇದ್ದರೆ ಆಯ್ತಾ? ತೆಂಗಿನ ಮರವೂ ಉದ್ದ ಉಂಟು. ಅವ ಬುಟ್ಟಿಗೆ ಫ್ರೀ ಥ್ರೋ ಹಾಕುದು ನೋಡಿದ್ರಾ ನೀವು?"

"ನೀವು ನೋಡಿದ್ರಾ?"

ಎಂಜಿನಿಯರ್ ಕಾಫಿ ಗುಟುಕರಿಸಿದರು. ಇಬ್ಬರೂ ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಇಬ್ಬರೂ ಆ ಹತ್ತು ಕಾಲೇಜುಗಳ ಒಂದು ಆಟವನ್ನೂ ಕಣ್ಣಾರೆ ಕಂಡಿರಲಿಲ್ಲ.

ವಿಜಯದಶಮಿಯ ದಿನ ಜಗಳಕ್ಕೆ ಮಂಗಳ. ಅಂದು ಇಬ್ಬರೂ ಆ ವರ್ಷ ಯಾರು ಮೊದಲು, ಯಾರು ಕೊನೆ ಎಂಬ ತಮ್ಮ ತಮ್ಮ ಊಹೆಯ ಪಟ್ಟಿ ಬರೆದು, ಲಕೋಟೆಗೆ ಹಾಕಿ, ನಮ್ಮ ಮನೆಯಲ್ಲಿ ಸರಸ್ವತಿಯ ಮುಂದೆ ಪುಸ್ತಕಗಳ ಜೊತೆ ಇಡಬೇಕು. ಪೂಜೆ ಮುಗಿದ ಮೇಲೆ ಲಕೋಟೆಗಳು ಗಿಳಿ ಡಬ್ಬಿಗೆ ಹೋಗುತ್ತಿದ್ದವು. ತೆರೆಯುವುದು ಯುಗಾದಿಗೆ. ಬೇವು ಬೆಲ್ಲ ಹಂಚಿ, ಪಂಚಾಂಗ ಓದಿ, ಆಮೇಲೆ ಡಬ್ಬಿ. ಯಾರ ಊಹೆ ಹೆಚ್ಚು ತಪ್ಪಿತೋ ಅವರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಹಬ್ಬದ ಊಟ ಬಡಿಸಬೇಕು. ಮೇಷ್ಟ್ರು ಪ್ರತಿ ವರ್ಷ ಹಸಿರಂಗಿಯನ್ನು ಮೊದಲನೆಯದಾಗಿ ಹಾಕುತ್ತಿದ್ದರು, ಕೆಂಪಂಗಿಯನ್ನು ಕೊನೆಯದಾಗಿ. ಎಷ್ಟು ಲೆಕ್ಕ ಗೊತ್ತಿದ್ದರೂ ಈ ಎರಡು ಗೆರೆಯಲ್ಲಿ ಅವರ ಲೆಕ್ಕ ನಡೆಯುತ್ತಿರಲಿಲ್ಲ. ಹಾಗಾಗಿ ಬಡಿಸುವವರೂ ಅವರೇ. "ನನಗೆ ಬಡಿಸೋದೇ ಇಷ್ಟ, ಅದಕ್ಕೇ ಸೋಲ್ತೀನಿ" ಅನ್ನುತ್ತಿದ್ದರು.

ಲಕೋಟೆಗಳು ನನ್ನ ಹತ್ತಿರ ಯಾಕೆ ಬಂದವು ಎಂಬುದನ್ನು ಹೇಳಬೇಕು. ಬಂದ ಹೊಸತರಲ್ಲಿ ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಫೋನ್ ಹೊಡೆದುಕೊಂಡರೆ ಎತ್ತುತ್ತಿರಲಿಲ್ಲ. ಒಂದು ವಿಜಯದಶಮಿಯ ದಿನ ಮೇಷ್ಟ್ರು ಎಲ್ಲರ ಎದುರು, "ಲಕೋಟೆ ಈಕೆ ಹತ್ರ ಇರ್ಲಿ. ಈಕೆ ನಮ್ಮ ಅಂಪೈರು" ಎಂದರು. ನನಗೆ ಆಟದ ಗಂಧಗಾಳಿ ಗೊತ್ತಿಲ್ಲ ಎಂದೆ. "ಅದಕ್ಕೇ ನೀನು. ಗೊತ್ತಿರೋರಿಗೆಲ್ಲ ಒಂದೊಂದು ಬಣ್ಣ ಹತ್ತಿದೆ" ಎಂದರು. ಸಣ್ಣ ಮಾತು. ಆದರೆ ಈ ದೇಶದಲ್ಲಿ ನನ್ನನ್ನು ನಂಬಿ ಯಾರಾದರೂ ಒಂದು ವಸ್ತು ಕೊಟ್ಟದ್ದು ಅದೇ ಮೊದಲು.

ಇನ್ನೊಂದು ವಿಷಯ. ಎಂಜಿನಿಯರ್ ಲಕೋಟೆಯ ಅಂಚನ್ನು ನಾಲಿಗೆಯಿಂದ ಸವರಿ ಅಂಟಿಸಿಬಿಡುತ್ತಿದ್ದರು. ಮೇಷ್ಟ್ರಿಗೆ ಅದು ಆಗದು. "ಸರಸ್ವತಿ ಮುಂದೆ ಎಂಜಲು ಇಡ್ತೀರಲ್ರೀ" ಎಂದು ಬೈಯುತ್ತಿದ್ದರು. ತಮ್ಮ ಲಕೋಟೆಯನ್ನು ತೆರೆದೇ ನನ್ನ ಕೈಗೆ ಕೊಡುತ್ತಿದ್ದರು. ನಾನು ಆಗಷ್ಟೇ ಬಸಿದ ಅನ್ನದಿಂದ ನಾಲ್ಕು ಅಗುಳು ತೆಗೆದು, ಹೊಸಕಿ, ಅಂಚಿಗೆ ಹಚ್ಚಿ ಒತ್ತುತ್ತಿದ್ದೆ. ಒಳಗಿನ ಕಾಗದವನ್ನು ಯಾವತ್ತೂ ನೋಡಿದವಳಲ್ಲ. ಆ ಒಂದು ವರ್ಷದ ತನಕ...

ತೊಂಬತ್ತರ ದಶಕದ ನಡುವೆ ಇರಬೇಕು. ಆ ವರ್ಷ ಇಲ್ಲಿನ ಚಳಿಗಾಲವಿಡೀ, ಅಂದರೆ ಜೂನ್‌ನಿಂದ, ನಾನು ತಂಗಿಯ ಮದುವೆಗೆಂದು ಮೈಸೂರಿನಲ್ಲಿದ್ದೆ. ವಾಪಸ್ ಬಂದದ್ದು ನವರಾತ್ರಿ ಶುರುವಾದ ಮೇಲೆ. ಬಂದ ಮರುದಿನವೇ ಎದುರು ಮನೆ ಆಂಟಿ, ಅಂದರೆ ಮೇಷ್ಟ್ರ ಹೆಂಡತಿ, ನಿಂಬೆಹಣ್ಣಿನ ಚೀಲ ಹಿಡಿದು ಬಂದು ಅಡುಗೆಮನೆಯಲ್ಲಿ ನಿಂತರು. ಜುಲೈನಲ್ಲಿ ಮೇಷ್ಟ್ರು ಕಾರನ್ನು ಸ್ಟೇಷನ್ ಹತ್ತಿರ ನಿಲ್ಲಿಸಿ ರೈಲಿನಲ್ಲಿ ಕೆಲಸಕ್ಕೆ ಹೋಗಿ, ಸಂಜೆ ನಡೆದು ಮನೆಗೆ ಬಂದು, ಬೆಳಿಗ್ಗೆ ಕಾರು ಕಳವಾಗಿದೆ ಎಂದು ಪೊಲೀಸರಿಗೆ ಹೇಳಿಬಿಟ್ಟರಂತೆ. ಒಮ್ಮೆ ಬಚ್ಚಲಿನ ನಲ್ಲಿ ಬಿಟ್ಟು ಹಾಲ್‌ವರೆಗೆ ನೀರು. ಸಿಡ್ನಿಯಲ್ಲಿದ್ದ ಮಗಳಿಗೆ ವಿಷಯ ಮುಟ್ಟಿತ್ತು. ಮನೆ ಮಾರಿ ತನ್ನ ಹತ್ತಿರ ಬಂದುಬಿಡಿ ಎಂದು ಅವಳು ಹಟ ಹಿಡಿದಿದ್ದಳು.

"ಇವರು ಒಪ್ಪಲ್ಲ ಕಣೆ. ಈ ಬೀದಿ ಬಿಟ್ಟು ಎಲ್ಲಿಗೂ ಬರಲ್ಲ ಅಂತಾರೆ" ಎಂದರು ಆಂಟಿ. "ಯುಗಾದಿಗೆ ಅವಳು ಬರ್ತಾಳೆ. ಅಲ್ಲಿವರೆಗೂ ನೋಡೋಣ ಅಂದಿದೀನಿ. ಮರೆವು ಹೀಗೇ ಮುಂದುವರಿದರೆ ಹೊರಡೋದು. ಇಲ್ಲ ಅಂದ್ರೆ ಇಲ್ಲೇ."

ಅದಾದ ನಾಲ್ಕನೇ ದಿನಕ್ಕೆ ವಿಜಯದಶಮಿ. ಮೇಷ್ಟ್ರು ಎಂದಿನಂತೆ ತೆರೆದ ಲಕೋಟೆ ಕೊಟ್ಟು ಹಾಲ್‌ಗೆ ಹೋದರು. ಆ ಸಲ ಕಾಗದವನ್ನು ಸರಿಯಾಗಿ ಮಡಿಸಿರಲಿಲ್ಲ, ಅಂಚು ಹೊರಗೆ ಇಣುಕುತ್ತಿತ್ತು. ಹಾಗೇ ಅಂಟಿಸಿದರೆ ಅನ್ನ ಕಾಗದಕ್ಕೂ ಹಿಡಿಯುತ್ತದೆ ಎಂದು ಹೊರತೆಗೆದು ಮಡಿಸಹೊರಟೆ. ಕಣ್ಣಿಗೆ ಬಿತ್ತು. ಮೇಲೆ 'ಶ್ರೀ'. ಅದರ ಕೆಳಗೆ ಒಂದು ಗೆರೆಯಷ್ಟು ಖಾಲಿ ಜಾಗ. ಆಮೇಲೆ ಒಂದರ ಕೆಳಗೊಂದು ಹೆಸರು, ದುಂಡನೆಯ ಕನ್ನಡ ಅಕ್ಷರದಲ್ಲಿ. ಎಣಿಸಿದೆ. ಒಂಬತ್ತು. ಹತ್ತು ಇರಬೇಕಿತ್ತು. ಇಲ್ಲದ್ದು ಹಸಿರಂಗಿ.

ಒಲೆಯ ಮೇಲೆ ಹಾಲು ಉಕ್ಕಿದ್ದು ಆಮೇಲೆ ಗೊತ್ತಾಯಿತು. ಕಾರು ಮರೆಯಬಹುದು, ನಲ್ಲಿ ಮರೆಯಬಹುದು. ಮೇಷ್ಟ್ರು ಹಸಿರಂಗಿಯನ್ನೇ ಮರೆತರೇ? ಯುಗಾದಿಯ ದಿನ ಮಗಳ ಎದುರಿಗೆ ಎಂಜಿನಿಯರ್ ಇದನ್ನು ಓದಿದರೆ ಏನಾಗುತ್ತದೆ ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಲ್‌ಗೆ ಹೋಗಿ ಅವರನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಕೇಳಿದರೆ ಅವರಿಗೆ ನೋವಾಗುತ್ತದೆ ಅಂದುಕೊಂಡೆ. ದಿನಸಿ ಪಟ್ಟಿ ಬರೆಯುವ ಪೆನ್ನು ಅಲ್ಲೇ ಇತ್ತು. ಶ್ರೀಕಾರದ ಕೆಳಗೆ, ಆ ಖಾಲಿ ಗೆರೆಯಲ್ಲಿ, ಅವರ ಅಕ್ಷರದಂತೆಯೇ ದುಂಡಗೆ 'ಹಸಿರಂಗಿ' ಎಂದು ಬರೆದೆ. ಮಡಿಸಿದೆ, ಅನ್ನದ ಅಗುಳು ಹಚ್ಚಿದೆ, ಸರಸ್ವತಿಯ ಮುಂದೆ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಎರಡು ಸಲ ನಮಸ್ಕಾರವನ್ನೂ ಮಾಡಿದೆ.

ಡಿಸೆಂಬರ್, ಜನವರಿಯ ಇಲ್ಲಿನ ಬೇಸಿಗೆಯಲ್ಲಿ ಅವರಿಬ್ಬರ ಜಗಳ ಯಾಕೋ ಕಡಿಮೆಯಾಗಿತ್ತು. ನಾನೂ ಒಂದು ಸ್ಕೂಲಿನ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದ್ದೆ, ಗ್ಯಾರೇಜಿಗೆ ಕಾಫಿ ಒಯ್ಯುವುದು ನಿಂತುಹೋಗಿತ್ತು. ದೂರದಿಂದ ನೋಡಿದಾಗ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಅದಕ್ಕೂ ಮೇಷ್ಟ್ರ ಮರೆವೇ ಕಾರಣ ಎಂದುಕೊಂಡೆ.

ಯುಗಾದಿಗೆ ಮಗಳು ಬಂದಳು. ನಮ್ಮ ಮನೆಯಲ್ಲೇ ಊಟ. ಬೇವಿನ ಒಣ ಹೂವು, ಬೆಲ್ಲ ಹಂಚಿದ್ದಾಯಿತು. ಮೇಷ್ಟ್ರು ಪಂಚಾಂಗ ಓದಿದರು. ಒಂದು ತೊದಲಿಲ್ಲ, ಒಂದು ತಪ್ಪಿಲ್ಲ. "ಇದು ಮೈಸೂರಿನ ಭವಿಷ್ಯ. ಇಲ್ಲಿ ಆಗೋದಕ್ಕೆ ಗ್ಯಾರಂಟಿ ಇಲ್ಲ" ಎಂದು ನಗಿಸಿದರು. ಆಂಟಿಯ ಮುಖ ಹಗುರಾಗಿತ್ತು. ಆಮೇಲೆ ಡಬ್ಬಿ ತಂದೆ. ಎಂಜಿನಿಯರ್ ಮೇಷ್ಟ್ರ ಲಕೋಟೆ ಹರಿದು ಗಟ್ಟಿಯಾಗಿ ಓದಿದರು.

"ಶ್ರೀ. ಹಸಿರಂಗಿ."

ಅಲ್ಲಿಗೆ ನಿಂತರು. ಪ್ರತಿ ವರ್ಷ ಆ ಹೆಸರಿಗೆ ಒಂದು ನಗು ಕಾದಿರುತ್ತಿತ್ತು. ಈ ಸಲ ನಗಲಿಲ್ಲ. ಕನ್ನಡಕದ ಮೇಲಿಂದ ನೋಡಿದರು.

"ಮೇಷ್ಟ್ರೇ... ಅವರು ಹೋದರಲ್ಲ? ಆಗಸ್ಟಲ್ಲಿ ಕಟಿಂಗ್ ತಂದು ತೋರಿಸಿದ್ದು ನೀವೇ ಅಲ್ವಾ?"

"ಎಲ್ಲಿಗೆ ಹೋದರು?" ಎಂದು ಕೇಳಿದವಳು ನಾನು.

"ಕಾನ್ಫರೆನ್ಸ್ ಬಿಟ್ಟು ಬೇರೆ ಕೂಟಕ್ಕೆ ಸೇರಿದ್ರು ಮಾರಾಯ್ರೆ. ನಮ್ಮದರಲ್ಲಿ ಈಗ ಒಂಬತ್ತೇ ಇರುದು."

ಮಗಳು ತಟ್ಟೆ ಕೆಳಗಿಟ್ಟಳು. "ವಾಟ್ ಡಸ್ ಹಿ ಮೀನ್, ಅಮ್ಮ? ಅಪ್ಪನಿಗೆ ಗೊತ್ತಿತ್ತಾ?" ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಮೇಷ್ಟ್ರು ಕೈ ಚಾಚಿ ಕಾಗದ ತೆಗೆದುಕೊಂಡರು. ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿರದೆ ಏನು? ಏಳೆಂಟು ವರ್ಷದಿಂದ ನನ್ನ ಉಪ್ಪಿನಕಾಯಿ ಬಾಟಲಿಗಳ ಚೀಟಿ ಓದಿದವರು. ನನ್ನ ಕಡೆ ನೋಡಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಜುಬ್ಬಾ ಜೇಬಿಗೆ ಹಾಕಿಕೊಂಡರು.

"ಹೌದಲ್ಲ. ಕೈ ತಾನಾಗೇ ಬರೆದುಬಿಡ್ತು. ಮೂವತ್ತು ವರ್ಷದ ರೂಢಿ ನೋಡಿ" ಎಂದರು. "ಎಲ್ಲಿ, ಟವೆಲ್ ಕೊಡಮ್ಮ."

ನನಗೆ ಆಗ ಎಲ್ಲ ಅರ್ಥವಾಯಿತು. ಟವೆಲ್ ತರುವ ಬದಲು ಅಲ್ಲೇ ನಿಂತು ಹೇಳಿದೆ. ಅದು ಅವರು ಬರೆದದ್ದಲ್ಲ, ನಾನು ಬರೆದದ್ದು, ನಾನು ಊರಿನಲ್ಲಿದ್ದಾಗ ಹಸಿರಂಗಿ ಹೋದ ಸುದ್ದಿ ನನಗೆ ಗೊತ್ತಿರಲಿಲ್ಲ, ಮರೆತಿದ್ದಾರೆ ಎಂದು ತಿಳಿದು ಸೇರಿಸಿದೆ. ಹೇಳುತ್ತಾ ಹೋದಂತೆ ನನ್ನ ಮಾತು ನನಗೇ ಕಟ್ಟುಕತೆಯ ಹಾಗೆ ಕೇಳಿಸುತ್ತಿತ್ತು.

ಮಗಳು ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು. "ಆಂಟಿ, ಯು ಆರ್ ಸೋ ಕೈಂಡ್. ಅಪ್ಪನ್ನ ಕವರ್ ಮಾಡೋದು ಬೇಡ. ಪ್ಲೀಸ್."

"ಆ ಕಾಗದ ತೋರಿಸಿ ಸರ್" ಎಂದೆ ಮೇಷ್ಟ್ರಿಗೆ.

"ಅನ್ನ ಆರತ್ತೆ" ಎಂದರು ಮೇಷ್ಟ್ರು. ಕೋಸಂಬರಿಯಿಂದ ಶುರುಮಾಡಿ ಎಲ್ಲರಿಗೂ ಬಡಿಸಿದರು. ನನ್ನ ತಟ್ಟೆಗೆ ಕೇಳದೆ ಎರಡು ಒಬ್ಬಟ್ಟು ಹಾಕಿದರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರ ಮನೆಗೆ ಹೋದೆ. ನಿಂಬೆಗಿಡಕ್ಕೆ ನೀರು ಹಿಡಿದಿದ್ದರು. ಅವರೇ ಮಾತು ತೆಗೆದರು.

"ಆ ಗೆರೆ ಖಾಲಿ ಬಿಟ್ಟಿದ್ದು ಬೇಕೂಂತಲೇ ಕಣಮ್ಮ. ಅವರು ಹೋದರು ಸರಿ. ಮೊದಲನೇ ಗೆರೆ ಇನ್ನೊಬ್ಬರಿಗೆ ಕೊಡೋಕೆ ಮನಸ್ಸು ಬರಲಿಲ್ಲ."

ಆ ಕಾಗದ ಕೊಡಿ, ಆಂಟಿಗೂ ಮಗಳಿಗೂ ನನ್ನ ಅಕ್ಷರ ತೋರಿಸುತ್ತೇನೆ ಎಂದೆ.

"ತೋರಿಸಿ? ಅಂಪೈರು ಪಟ್ಟಿ ತಿದ್ದಿದಳು ಅಂತ ಆ ಉಡುಪಿಯವರು ಜನ್ಮವಿಡೀ ಆಡಿಕೊಳ್ಳೋಕಾ?" ಪೈಪನ್ನು ಬೇರೆ ಪಾತಿಗೆ ತಿರುಗಿಸಿದರು. "ಸ್ಟೇಷನ್ನಲ್ಲಿ ಕಾರು ಮರೆತಿದ್ದು ನೀನಲ್ಲವಲ್ಲ. ಹೋಗು, ಬಸ್ಸು ತಪ್ಪತ್ತೆ."

ಜೂನ್‌ನಲ್ಲಿ ಒಂದು ಶನಿವಾರ ಅವರ ಮನೆಯ ಮುಂದಿನ ಹುಲ್ಲಿನ ಮೇಲೆ ಆ ಮನೆಯ ಹರಾಜು ನಡೆಯಿತು. ನಾನು ಪರದೆಯ ಸಂದಿಯಿಂದ ನೋಡಿದೆ. ಸುತ್ತಿಗೆ ಬಡಿದಾಗ ಮೇಷ್ಟ್ರು ಗ್ಯಾರೇಜಿನೊಳಗೆ ಹೋಗಿ ಎರಡು ಕುರ್ಚಿಗಳನ್ನು ಮಡಚಿ, ಒಂದನ್ನು ಎಂಜಿನಿಯರ್ ಕೈಗೆ ಕೊಟ್ಟರು.

ಸಿಡ್ನಿಯಲ್ಲಿ ಮಗಳ ಮನೆ ಪ್ಯಾರಾಮಟ್ಟಾ ಹತ್ತಿರ. ಅಕ್ಟೋಬರಿನಲ್ಲಿ ನನಗೆ ಒಂದು ದೊಡ್ಡ ಲಕೋಟೆ ಬಂತು. ಅದರೊಳಗೆ ಇನ್ನೊಂದು ಲಕೋಟೆ, ಬಾಯಿ ತೆರೆದದ್ದು. ಜೊತೆಗೆ ಚೀಟಿ: 'ಅನ್ನದ ಅಗುಳು ನಿನ್ನದೇ ಆಗಬೇಕು.' ನಾನು ಮಾಡಿದ್ದನ್ನು ತಿಳಿದೂ ಮತ್ತೆ ತೆರೆದ ಲಕೋಟೆಯನ್ನೇ ಕಳಿಸಿದ್ದರು... ಅಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಅಂಟಿಸಿದೆ.

ಪ್ರತಿ ವರ್ಷ ಹಾಗೇ ಬಂತು. ಯುಗಾದಿಯ ದಿನ ಸಿಡ್ನಿಗೆ ಫೋನ್ ಹಚ್ಚಿ, ಎಂಜಿನಿಯರ್ ನಮ್ಮ ಹಾಲ್‌ನಲ್ಲಿ ನಿಂತು ಓದುತ್ತಿದ್ದರು. "ಶ್ರೀ. ಖಾಲಿ." ಆ 'ಖಾಲಿ'ಯನ್ನೂ ಒಂದು ಕಾಲೇಜಿನ ಹೆಸರೆಂಬಂತೆ ಓದುತ್ತಿದ್ದರು. ಆಮೇಲೆ ಒಂಬತ್ತು ಹೆಸರು, ಒಂದೂ ತಪ್ಪದೆ. ಕೊನೆಯಲ್ಲಿ ಕೆಂಪಂಗಿ. "ನಿಮಗೆ ಮರೆವು ಎಲ್ಲುಂಟು ಮಾರಾಯ್ರೆ, ದ್ವೇಷ ಇಷ್ಟು ನೆನಪುಂಟಲ್ಲ" ಎಂದು ಎಂಜಿನಿಯರ್ ಫೋನಿನಲ್ಲಿ ಕೂಗಿದರೆ, ಆ ಕಡೆಯಿಂದ ನಗು ಕೇಳಿಸುತ್ತಿತ್ತು. ನಡುವೆ ಯಾರೋ ಟೀವಿ ಸದ್ದು ಕಡಿಮೆ ಮಾಡಿ ಎನ್ನುವುದೂ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಅಕ್ಟೋಬರಿನಲ್ಲಿ ಬಂದ ಲಕೋಟೆಯೇ ಕೊನೆಯದು. ಸಂಕ್ರಾಂತಿ ಕಳೆದ ವಾರ ಮಗಳ ಫೋನ್ ಬಂತು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲೇ ಕೂತಿದ್ದರಂತೆ, ಹೃದಯ ನಿಂತಿತ್ತಂತೆ. ಆ ಯುಗಾದಿಗೆ ನಾವು ಡಬ್ಬಿ ತೆಗೆಯಲಿಲ್ಲ. ಎಂಜಿನಿಯರ್ ತಮ್ಮ ಲಕೋಟೆಯನ್ನು ವಾಪಸ್ ತೆಗೆದುಕೊಂಡು ಹೋದರು. "ಅವರದ್ದು ಇರ್ಲಿ" ಎಂದರು. ಹಾಗೆ ಅದು ಶಾವಿಗೆ ಒರಳಿನ ಹಿಂದೆ ಸೇರಿತು.

ಈಗ ಕೈಯಲ್ಲಿ ಹಿಡಿದರೆ, ಒಣಗಿದ ಅನ್ನ ಪುಡಿಯಾಗಿ ಲಕೋಟೆ ತಾನಾಗಿಯೇ ಬಾಯಿ ಬಿಟ್ಟಿತು. ನೋಡಬಾರದೆಂಬ ಹಳೆಯ ನೇಮ ನೆನಪಾಯಿತು. ಆದರೂ ತೆಗೆದೆ. ಮೇಲೆ 'ಶ್ರೀ'. ಅದರ ಕೆಳಗೆ ಖಾಲಿ ಗೆರೆ ಇರಲಿಲ್ಲ. ಅಲ್ಲಿ 'ಹಸಿರಂಗಿ' ಎಂದಿತ್ತು. ಅವರದೇ ದುಂಡು ಅಕ್ಷರ.

ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಕೊನೆಗೆ ಮಗಳ ಮಾತೇ ನಿಜವಾಯಿತೇ, ಹಸಿರಂಗಿ ಹೋದದ್ದನ್ನು ನಿಜವಾಗಿಯೂ ಮರೆತಿದ್ದರೇ... ಅಥವಾ ಓದುವ ದಿನ ನನಗೊಂದು ತಮಾಷೆ ಇರಲಿ ಎಂದು ಬರೆದರೇ. ಕೇಳಲು ಆಂಟಿಯೂ ಈಗಿಲ್ಲ.

ಎಂಜಿನಿಯರ್ ಕ್ರಾನ್‌ಬರ್ನ್‌ನಲ್ಲಿ ಮಗನ ಜೊತೆ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ. ಫೋನ್ ಮಾಡಿ ಗಟ್ಟಿಯಾಗಿ, ಎರಡು ಸಲ ಹೇಳಿದೆ.

"ಒಟ್ಟು ಎಷ್ಟು ಹೆಸರುಂಟು?"

"ಹತ್ತು. ಅದು ಸೇರಿ."

"ಕೆಂಪಂಗಿ ಎಲ್ಲಿ ಹಾಕಿದ್ದಾರೆ?"

"ಕೊನೇಲಿ."

"ನನ್ನನ್ನು ಬಿಡಲಿಲ್ಲ ನೋಡಿ" ಎಂದರು. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಹಾಗಾದರೆ ಮರೆತದ್ದಲ್ಲ ಮಾರಾಯ್ರೆ. ಆ ಯುಗಾದಿಗೆ ನೀವೇ ಬರೆದದ್ದು ಅಂತ ಹೇಳಿದ್ರಲ್ಲ, ಅದನ್ನು ಅವರು ತಮ್ಮದು ಮಾಡಿಕೊಂಡದ್ದು. ಇನ್ನು ಆ ಸಂಗತಿ ಬಿಡಿ."

ಫೋನ್ ಇಟ್ಟು ಕಿಟಕಿಯ ಹತ್ತಿರ ನಿಂತೆ. ಎದುರು ಮನೆ ಈಗಿಲ್ಲ. ಆ ಜಾಗದಲ್ಲಿ ಎರಡು ಟೌನ್‌ಹೌಸ್ ಎದ್ದಿವೆ, ನಿಂಬೆಗಿಡದ ಜಾಗಕ್ಕೆ ಕಾಂಕ್ರೀಟ್ ಹಾಕಿದ್ದಾರೆ. ಎಂಜಿನಿಯರ್ ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಗೊತ್ತಿಲ್ಲ. ಗೊತ್ತಿದ್ದ ಒಬ್ಬರು ಸಿಡ್ನಿಯಲ್ಲಿ ಬೂದಿಯಾಗಿ ಎಷ್ಟೋ ವರ್ಷವಾಯಿತು.

ಕುಕ್ಕರಿನಲ್ಲಿ ಮಧ್ಯಾಹ್ನದ ಅನ್ನ ಇನ್ನೂ ಬಿಸಿಯಿತ್ತು. ನಾಲ್ಕು ಅಗುಳು ತೆಗೆದು ಹೊಸಕಿ, ಲಕೋಟೆಯ ಅಂಚಿಗೆ ಹಚ್ಚಿ ಒತ್ತಿ ಹಿಡಿದೆ. ಹಿಡಿಯುವ ತನಕ ಬಿಡಲಿಲ್ಲ.